ಪೊಲೀಸರು ಹತ್ತಲಾಗದ ಮೆಟ್ಟಿಲು

ನೂರು ವರ್ಷ ಹಿಂದಿನ ಮೂಕಿ ಚಿತ್ರಗಳ ಕಥಾಸಾರ ಓದುವುದು ನನಗೊಂದು ಚಟ. ಅಮೆರಿಕದಲ್ಲಿ ತಯಾರಾದ ಮೂಕಿ ಕಥಾಚಿತ್ರಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಂದು ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ತುತ್ತಾಗುತ್ತಿತ್ತು, ಡಬ್ಬಿಯೊಳಗೇ ಕೊಳೆಯುತ್ತಿತ್ತು. ಎಷ್ಟೋ ಚಿತ್ರಗಳ ಪಾಲಿಗೆ ಉಳಿದಿರುವುದು ಒಂದು ಸಾಲು ಮಾತ್ರ. ಅಂಥ ಒಂದು ಸಾಲು ನನ್ನನ್ನು ಬಹಳ ದಿನ ಕಾಡಿತು: ರಾಜತಾಂತ್ರಿಕನೊಬ್ಬನ ಹೆಂಡತಿ ಗಂಡನ ಹಿಂಸೆಯಲ್ಲಿ ನರಳುತ್ತಿದ್ದಾಳೆ, ಅವಳ ಹಳೆಯ ಪ್ರೇಮಿ ಬಂದು ಪಾರುಮಾಡುತ್ತಾನೆ. ಅಷ್ಟೇ ಕಥೆ.

ಹೆಂಡತಿಗೆ ಹಿಂಸೆ ಕೊಡುವ ಗಂಡ ಯಾವ ಕಸುಬಿನವನೂ ಆಗಿರಬಹುದು. ಸಾಹುಕಾರನಿರಬಹುದು, ವೈದ್ಯನಿರಬಹುದು, ನನ್ನ ಹಾಗೆ ವಕೀಲಿಕೆ ಮಾಡುವವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹೀಗಿರುವಾಗ ಕಥೆ ಕಟ್ಟಿದವರು ರಾಜತಾಂತ್ರಿಕನನ್ನೇ ಏಕೆ ಹುಡುಕಿಕೊಂಡು ಹೋದರು? ಒಳ್ಳೆಯ ಕೋಟು, ವಿದೇಶದ ಬಂಗಲೆ, ಔತಣಕೂಟ, ತೂಗುದೀಪ ಎಲ್ಲ ತೆರೆಯ ಮೇಲೆ ಚೆನ್ನಾಗಿ ಕಾಣುತ್ತವೆ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ. ಮೂವತ್ತು ವರ್ಷ ಕೌಟುಂಬಿಕ ಮೊಕದ್ದಮೆಗಳನ್ನು ನಡೆಸಿದ ಮೇಲೆ ಬೇರೆ ಕಾರಣ ಹೊಳೆಯಿತು. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಅದನ್ನೇ. ಅಂಥ ಮನೆಯಲ್ಲಿ ಹೆಂಡತಿ ಕೂಗಿಕೊಂಡರೆ ಬರಬೇಕಾದವರು ಯಾರೂ ಬರುವಂತಿಲ್ಲ. ಪೊಲೀಸರು ಬರುವಂತಿಲ್ಲ, ಅಮೀನ ಬರುವಂತಿಲ್ಲ, ನ್ಯಾಯಾಲಯದ ಸಮನ್ಸ್ ಬರುವಂತಿಲ್ಲ. ಎಲ್ಲರನ್ನೂ ಹೊಸಿಲಾಚೆ ನಿಲ್ಲಿಸಿದ ಮೇಲೆ ಕಥೆಗಾರನ ಕೈಯಲ್ಲಿ ಉಳಿಯುವವನು ಒಬ್ಬನೇ, ಹಳೆಯ ಪ್ರೇಮಿ. ಕಾನೂನು ಖಾಲಿ ಬಿಟ್ಟ ಹುದ್ದೆಗೆ ಆಗುವ ತಾತ್ಕಾಲಿಕ ನೇಮಕಾತಿ ಅವನು.

ದೂತನನ್ನು ಮುಟ್ಟಬಾರದು ಎನ್ನುವುದು ನಮಗೆ ಹೊಸದಲ್ಲ. ಲಂಕೆಯಲ್ಲಿ ಹನುಮಂತನನ್ನು ಕೊಲ್ಲಿಸಲು ರಾವಣ ಹೊರಟಾಗ ವಿಭೀಷಣ ಎದ್ದು, ದೂತ ಅವಧ್ಯ, ಕೊಲ್ಲುವಂತಿಲ್ಲ ಎಂದ. ಆದರೆ ವಿಭೀಷಣನ ಕಾನೂನು ಪೂರ್ತಿ ಸಾಧುವಾದದ್ದೇನಲ್ಲ. ಚಾಟಿಯಿಂದ ಹೊಡೆಯಬಹುದು, ತಲೆ ಬೋಳಿಸಬಹುದು, ಅಂಗಭಂಗ ಮಾಡಬಹುದು ಎಂದು ಅವನೇ ಪಟ್ಟಿ ಕೊಡುತ್ತಾನೆ. ಬಾಲಕ್ಕೆ ಬೆಂಕಿ ಬಿದ್ದದ್ದು ಹಾಗೆ. ಈಗಿನ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬಾಲ ಸುಡುವುದಕ್ಕೂ ಅವಕಾಶವಿಲ್ಲ.

ಈಗಿನ ಕಾನೂನಿನ ಹಿಂದೆ ಒಂದು ಸಾಲದ ಕಥೆಯಿದೆ. 1708ರ ಜುಲೈ ತಿಂಗಳು, ಲಂಡನ್. ರಷ್ಯಾದ ರಾಯಭಾರಿ ಆಂದ್ರೇ ಮತ್ವೇಯೆವ್ ರಾಣಿಗೆ ವಿದಾಯ ಹೇಳಿ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದ. ಅಂಗಡಿಯವರ ಬಾಕಿ ಹಾಗೇ ಇತ್ತು. ಆಸಾಮಿ ಹಡಗು ಹತ್ತಿದರೆ ದುಡ್ಡು ಮುಳುಗಿದಂತೆ ಎಂದು ಸಾಲ ಕೊಟ್ಟವರು ಅಮೀನರನ್ನು ಕಳಿಸಿದರು. ಅವರು ನಡುಬೀದಿಯಲ್ಲಿ ಅವನನ್ನು ಗಾಡಿಯಿಂದ ಎಳೆದು ಹಿಡಿದುಕೊಂಡು ಹೋದರು. ರಷ್ಯಾದ ದೊರೆ ಪೀಟರ್ ಕೆಂಡವಾದ. ಇದಕ್ಕೆ ಕಾರಣರಾದ ಅಧಿಕಾರಿಗಳಿಗೆಲ್ಲ ಮರಣದಂಡನೆ ಆಗಬೇಕು ಎಂದು ಪಟ್ಟುಹಿಡಿದ. ಕಾನೂನಿನಲ್ಲಿ ಇಲ್ಲದ ಶಿಕ್ಷೆಯನ್ನು ನನ್ನ ಕಡುಬಡವ ಪ್ರಜೆಗೂ ಕೊಡಲಾರೆ ಎಂಬರ್ಥದ ಉತ್ತರ ಕೊಟ್ಟ ಆ್ಯನ್ ರಾಣಿ, ಸಂಸತ್ತಿನಲ್ಲಿ ಹೊಸ ಕಾಯ್ದೆ ಮಾಡಿಸಿ, ಅದರ ಒಂದು ಪ್ರತಿಯನ್ನು ಅಂದವಾಗಿ ಬರೆಸಿ, ಚಿತ್ತಾರ ಹಾಕಿಸಿ ಮಾಸ್ಕೋಗೆ ಕಳಿಸಿಕೊಟ್ಟಳು. ಕಾಯ್ದೆಯನ್ನೇ ಉಡುಗೊರೆಯಾಗಿ ಕೊಟ್ಟ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ. ಸಾಲ ತೀರಿಸದ ರಾಯಭಾರಿಯನ್ನು ಕಾಪಾಡಲು ಹುಟ್ಟಿದ ಆ ರಕ್ಷಣೆ, ಬೆಳೆಯುತ್ತ ಬೆಳೆಯುತ್ತ ಅವನ ಮಲಗುವ ಕೋಣೆಯವರೆಗೂ ಹಬ್ಬಿತು.

ಇಂದು ಜಗತ್ತಿನ ಬಹುತೇಕ ದೇಶಗಳು ಪಾಲಿಸುವುದು ವಿಯೆನ್ನಾ ಒಪ್ಪಂದವನ್ನು. 1961ರ ಏಪ್ರಿಲ್ 18ರಂದು ಸಹಿಯಾಯಿತು, 1964ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಅದಕ್ಕಾಗಿ 1972ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ಒಪ್ಪಂದದ 29ನೇ ವಿಧಿಯ ಪ್ರಕಾರ ರಾಜತಾಂತ್ರಿಕನನ್ನು ಬಂಧಿಸುವಂತಿಲ್ಲ. 30ನೇ ವಿಧಿಯ ಪ್ರಕಾರ ಅವನು ವಾಸಿಸುವ ಮನೆಗೂ ರಾಯಭಾರ ಕಚೇರಿಗಿರುವಷ್ಟೇ ರಕ್ಷಣೆ. ಒಪ್ಪಿಗೆಯಿಲ್ಲದೆ ಪೊಲೀಸರು ಒಳಗೆ ಹೋಗುವಂತಿಲ್ಲ. 31ನೇ ವಿಧಿಯಲ್ಲಿ ಕ್ರಿಮಿನಲ್ ಮೊಕದ್ದಮೆಯಿಂದ ಪೂರ್ತಿ ವಿನಾಯಿತಿಯಿದೆ. ಸಿವಿಲ್ ಮೊಕದ್ದಮೆಯಿಂದಲೂ ವಿನಾಯಿತಿ ಇದೆ, ಮೂರು ಸಂದರ್ಭ ಬಿಟ್ಟು: ಅವನ ಸ್ವಂತ ಸ್ಥಿರಾಸ್ತಿಯ ವ್ಯಾಜ್ಯ, ಉತ್ತರಾಧಿಕಾರದ ವ್ಯಾಜ್ಯ, ಅವನು ಹುದ್ದೆಯ ಹೊರಗೆ ನಡೆಸುವ ವ್ಯಾಪಾರ ಅಥವಾ ವೃತ್ತಿಯ ವ್ಯಾಜ್ಯ. ಈ ಮೂರರಲ್ಲಿ ವಿಚ್ಛೇದನ ಇಲ್ಲ, ಜೀವನಾಂಶ ಇಲ್ಲ, ಮಕ್ಕಳ ಪಾಲನೆ ಇಲ್ಲ. ಸೈಟಿನ ಜಗಳಕ್ಕೆ ಅವನನ್ನು ಕೋರ್ಟಿಗೆ ಎಳೆಯಬಹುದು, ಹೆಂಡತಿಯ ಊಟಬಟ್ಟೆಗೆ ಎಳೆಯುವಂತಿಲ್ಲ.

ಸಭೆಯಲ್ಲಿ ಕಾನೂನು ಓದುವ ಹುಡುಗರು ಇರುವುದರಿಂದ ಒಂದು ಸೂಕ್ಷ್ಮ ಹೇಳಿ ಮುಂದೆ ಹೋಗುತ್ತೇನೆ. ರಾಯಭಾರ ಕಚೇರಿಯಲ್ಲಿ ಕೆಲಸ ಮಾಡುವವರೆಲ್ಲ ರಾಜತಾಂತ್ರಿಕರಲ್ಲ. ಗುಮಾಸ್ತರು, ಲೆಕ್ಕ ಬರೆಯುವವರು, ತಾಂತ್ರಿಕ ಸಿಬ್ಬಂದಿ ಇರುತ್ತಾರೆ. ಅವರಿಗೂ ಕ್ರಿಮಿನಲ್ ವಿನಾಯಿತಿ ಇದೆ, ಮನೆಗೂ ರಕ್ಷಣೆಯಿದೆ. ಸಿವಿಲ್ ವಿನಾಯಿತಿ ಮಾತ್ರ ಕಚೇರಿಯ ಕೆಲಸಕ್ಕೆ ಸೀಮಿತ. ಹಾಗಾಗಿ ಗುಮಾಸ್ತನ ಹೆಂಡತಿ ಅಲ್ಲಿನ ನ್ಯಾಯಾಲಯದಲ್ಲಿ ಜೀವನಾಂಶ ಕೇಳಬಹುದು, ರಾಯಭಾರಿಯ ಹೆಂಡತಿ ಕೇಳುವಂತಿಲ್ಲ. ಗಂಡನ ಹುದ್ದೆ ಏರಿದಷ್ಟೂ ಹೆಂಡತಿಯ ಹಕ್ಕು ಇಳಿಯುವ ವ್ಯವಸ್ಥೆ ಇದು.

ಇದು ಒಂದು ಬೀಗ. ಮೂಕಿ ಚಿತ್ರಗಳ ಕಾಲದಲ್ಲಿ ಇದರ ಮೇಲೆ ಇನ್ನೊಂದು ಬೀಗವಿತ್ತು, ಮದುವೆಯ ಕಾನೂನು. ಇಂಗ್ಲೆಂಡಿನ 1857ರ ಕಾಯ್ದೆಯಲ್ಲಿ ಹೆಂಡತಿ ಹಾದರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅದು ಸಾಲದು. ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ರುಜುವಾತುಪಡಿಸಬೇಕು. ಬರಿಯ ಹೊಡೆತಕ್ಕೆ ವಿಚ್ಛೇದನ ಸಿಗಲು ಅಲ್ಲಿ 1937ರವರೆಗೆ ಕಾಯಬೇಕಾಯಿತು. ನಕ್ಕುಬಿಡಬೇಡಿ, ಅದೇ ಅಚ್ಚಿನಲ್ಲಿ ತೆಗೆದ 1869ರ ಕಾಯ್ದೆ ನಮ್ಮ ದೇಶದ ಕ್ರೈಸ್ತ ಹೆಂಗಸರ ಮೇಲೆ 2001ರವರೆಗೂ ಇತ್ತು. ಇನ್ನು ಪೌರತ್ವ. 1870ರಿಂದ ಬ್ರಿಟನ್ನಿನಲ್ಲಿ, 1907ರಿಂದ ಅಮೆರಿಕದಲ್ಲಿ, ವಿದೇಶಿಯನ್ನು ಮದುವೆಯಾದ ಹೆಣ್ಣು ಹುಟ್ಟಿದ ದೇಶದ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಅಮೆರಿಕದ ಹುಡುಗಿಯೊಬ್ಬಳು ಯುರೋಪಿನ ರಾಯಭಾರಿಯ ಕೈಹಿಡಿದಳು ಎಂದುಕೊಳ್ಳಿ. ತಾಳಿ ಬಿದ್ದ ಕ್ಷಣಕ್ಕೆ ಅವಳ ತವರು ದೇಶವೇ ಅವಳ ಪಾಲಿಗೆ ಪರದೇಶ. ಗಂಡನ ದೇಶದ ಕೋರ್ಟು ಸಾವಿರಾರು ಮೈಲು ಆಚೆ. ನಿಂತ ನೆಲದ ಕೋರ್ಟಿಗೆ ಗಂಡನ ಮೇಲೆ ಅಧಿಕಾರವಿಲ್ಲ. 1922ರ ಹೊತ್ತಿಗೆ ಅಮೆರಿಕ ಈ ನಿಯಮವನ್ನು ಬಹುಮಟ್ಟಿಗೆ ಸಡಿಲಿಸಿತು. ಕಥೆಗಳಲ್ಲಿ ಮಾತ್ರ ಆ ಹೆಣ್ಣು ಅಲ್ಲೇ ಉಳಿದಳು.

ಇಷ್ಟು ಬೀಗಗಳಿರುವ ಮನೆಗೆ ಹೊರಗಿನಿಂದ ಒಬ್ಬನನ್ನು ತರಬೇಕು. ಯಾರನ್ನು ತರುವುದು? ಹೊಸ ಪ್ರಿಯಕರನನ್ನು ತಂದರೆ ನಾಯಕಿ ಕೆಟ್ಟವಳಾಗುತ್ತಾಳೆ, ಪ್ರೇಕ್ಷಕರು ಮುಖ ತಿರುಗಿಸುತ್ತಾರೆ. ಹಳೆಯವನಾದರೆ ಆ ತೊಂದರೆಯಿಲ್ಲ. ಅವನ ಪ್ರೀತಿ ಮದುವೆಗಿಂತ ಮುಂಚಿನದು, ಹಿರಿತನದಲ್ಲಿ ಗಂಡನಿಗಿಂತ ಮೇಲು! ನಮ್ಮ ಸರ್ಕಾರಿ ಕಚೇರಿಗಳಂತೆ ಇಲ್ಲಿಯೂ ಸೇವಾ ಜ್ಯೇಷ್ಠತೆ ಕೆಲಸಕ್ಕೆ ಬರುತ್ತದೆ. ಆದರೂ ಅವಳಿಗೆ ವಿಚ್ಛೇದನ ಕೊಡಿಸುವ ಧೈರ್ಯ ಕಥೆಗಾರನಿಗಿಲ್ಲ. ಮದುವೆಯ ಪಾವಿತ್ರ್ಯವನ್ನು ಎತ್ತಿಹಿಡಿಯಬೇಕು ಎಂದು 1930ರಲ್ಲಿ ಹಾಲಿವುಡ್ ತನ್ನ ಸಂಹಿತೆಯಲ್ಲಿ ಬರೆದೇ ಇಟ್ಟುಕೊಂಡಿತು. ಹಾಗಾಗಿ ಇಂಥ ಕಥೆಗಳಲ್ಲಿ ಗಂಡ ಸಾಯಬೇಕು. ಅದೂ ಪ್ರೇಮಿಯ ಕೈಯಿಂದಲ್ಲ. ಮೆಟ್ಟಿಲಿನಿಂದ ಉರುಳಬೇಕು, ತನ್ನದೇ ಪಿಸ್ತೂಲಿನ ಗುಂಡು ತಗುಲಬೇಕು, ಮೋಸಮಾಡಿದ ಗೂಢಚಾರ ಬಂದು ಇರಿಯಬೇಕು. ಕೋರ್ಟು ಕೊಡದ ತೀರ್ಪನ್ನು ಮೆಟ್ಟಿಲು ಕೊಡುತ್ತದೆ.

ಹಳೆಯ ಪ್ರೇಮಿ ಎಂದಾಗಲೆಲ್ಲ ನನಗೆ ಶಾಲ್ವ ನೆನಪಾಗುತ್ತಾನೆ. ನಮ್ಮ ಅಜ್ಜಿಯ ಊರು ಸಾಗರದ ಕಡೆ. ಯಕ್ಷಗಾನದಲ್ಲಿ ಅಂಬೆಯ ಪ್ರಸಂಗವಿದ್ದರೆ ಅಜ್ಜಿ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಕಾಶಿಯ ಸ್ವಯಂವರದಿಂದ ಮೂವರು ಹೆಣ್ಣುಮಕ್ಕಳನ್ನು ಭೀಷ್ಮ ರಥಕ್ಕೆ ಏರಿಸಿಕೊಂಡು ಬಂದಿದ್ದಾನೆ, ತನಗಲ್ಲ, ತಮ್ಮನಿಗೆ. ಹಿರಿಯಳು ಅಂಬೆ, ನಾನು ಶಾಲ್ವನಿಗೆ ಮನಸ್ಸು ಕೊಟ್ಟವಳು ಎನ್ನುತ್ತಾಳೆ. ಭೀಷ್ಮ ಮರ್ಯಾದೆಯಿಂದಲೇ ಕಳಿಸಿಕೊಡುತ್ತಾನೆ. ಅಂಬೆ ಆಸೆಯಿಂದ ಓಡುತ್ತಾಳೆ. ಶಾಲ್ವ ಹೇಳುವುದೇನು? ಯುದ್ಧದಲ್ಲಿ ಇನ್ನೊಬ್ಬ ಗೆದ್ದ ಹೆಣ್ಣು ನೀನು, ನನಗೆ ಬೇಡ. ಆ ಮಾತಿಗೆ ಅಜ್ಜಿ ಪ್ರತಿ ಸಲವೂ, ವೇಷಧಾರಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಇವನ ಮೀಸೆಗೆ ಬೆಂಕಿ ಹಾಕ" ಎನ್ನುತ್ತಿದ್ದರು. ವೇಷಧಾರಿ ಪರಿಚಯದವನೇ. ಬೆಳಿಗ್ಗೆ ನಮ್ಮ ಮನೆಯಲ್ಲೇ ಅವಲಕ್ಕಿ ತಿನ್ನಲು ಬರುತ್ತಿದ್ದ, ಅಜ್ಜಿ ಅವನಿಗೆ ಮೊಸರು ಕಡಿಮೆ ಹಾಕುತ್ತಿದ್ದರು.

ವ್ಯಾಸರು ಮೂಕಿ ಚಿತ್ರದವರಿಗಿಂತ ಎಷ್ಟು ಕಟುವಾಗಿ ಸತ್ಯ ಕಂಡವರು ನೋಡಿ. ಹಳೆಯ ಪ್ರೇಮಿ ಬರುವುದಿಲ್ಲ. ಬಾಗಿಲಿಗೆ ಹೋದರೂ ತೆರೆಯುವುದಿಲ್ಲ. ಇನ್ನೊಂದು ವಿಷಯ ವಕೀಲಳ ಕಣ್ಣಿಗೆ ಮಾತ್ರ ಬೀಳುತ್ತದೇನೋ. ಶಾಲ್ವ ಬೇಡವೆಂದ ಮೇಲೆ ಅಂಬೆ ಭೀಷ್ಮನ ಬಳಿಗೇ ಬಂದು, ತಂದವನು ನೀನೇ ವರಿಸು ಎಂದಾಗ ಅವನು ತೋರಿಸುವುದು ತನ್ನ ಪ್ರತಿಜ್ಞೆಯನ್ನು. ಅದು ಅವನ ವಿನಾಯಿತಿ ಪತ್ರ. ಮಾಡಿದ್ದಕ್ಕೆ ಹೊಣೆಯಿಲ್ಲ, ಏಕೆಂದರೆ ದೊಡ್ಡ ಕಾರಣವೊಂದಕ್ಕೆ ಬದ್ಧನಾಗಿದ್ದೇನೆ. ಅಂಬೆ ಮೇಲ್ಮನವಿ ಹೋದಳು. ಪರಶುರಾಮರೇ ಬಂದು ದಿನಗಟ್ಟಲೆ ಕಾದಿದರು, ತೀರ್ಪು ಬರಲಿಲ್ಲ. ಕೊನೆಗೆ ಅವಳು ಇನ್ನೊಂದು ಜನ್ಮವನ್ನೇ ಎತ್ತಬೇಕಾಯಿತು. ನಮ್ಮ ಕೋರ್ಟುಗಳಲ್ಲಿ ಮೊಕದ್ದಮೆ ಅಷ್ಟು ಎಳೆಯುವುದಿಲ್ಲ ಎಂದು ಹೇಳಲು ನನಗೆ ಸಂಕೋಚ.

ಹಾಗಾದರೆ ನಿಜ ಜೀವನದಲ್ಲಿ ಪ್ರೇಮಿ ಬಂದು ಪಾರುಮಾಡಿದ ಉದಾಹರಣೆಯೇ ಇಲ್ಲವೇ? ಒಂದಿದೆ. ಗಂಡ ರಾಜತಾಂತ್ರಿಕನಲ್ಲ, ರಾಜಕುಮಾರ. ಆದರೂ ಇಲ್ಲಿ ಏಕೆ ಹೇಳುತ್ತಿದ್ದೇನೆ ಎನ್ನುವುದು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡನ ಹೆಸರು ಕೇಳಿದ್ದೀರಿ, ಕಾಂಗೋದ ಜನರನ್ನು ರಬ್ಬರಿಗಾಗಿ ಹಿಂಡಿದವನು. ಅವನ ಹಿರಿಯ ಮಗಳು ಲೂಯಿಸ್. 1875ರ ಫೆಬ್ರವರಿ 4ರಂದು ಅವಳ ಮದುವೆ, ಹದಿನೇಳು ತುಂಬಲು ಇನ್ನೂ ಎರಡು ವಾರ ಇತ್ತು. ವರ ಸ್ಯಾಕ್ಸ್-ಕೋಬರ್ಗಿನ ರಾಜಕುಮಾರ ಫಿಲಿಪ್, ವಯಸ್ಸು ಮೂವತ್ತು. ಮೊದಲ ರಾತ್ರಿಯೇ ಹೆದರಿ ಅರಮನೆಯ ಗಾಜಿನ ಹೂಮನೆಗೆ ಓಡಿ ಅಡಗಿಕೊಂಡಿದ್ದೆ ಎಂದು ಆಕೆ ಮುಂದೆ ನೆನಪುಗಳಲ್ಲಿ ಬರೆದಳು. ವಿಯೆನ್ನಾದಲ್ಲಿ ಇಪ್ಪತ್ತು ವರ್ಷ ಸಂಸಾರ. 1895ರಲ್ಲಿ ಕ್ರೊವೇಶಿಯಾ ಮೂಲದ ಅಶ್ವದಳದ ಕಿರಿಯ ಅಧಿಕಾರಿ ಗೇಜಾ ಮಟಾಚಿಚ್ ಪರಿಚಯವಾದ, ಅವಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕವನು. ಇಬ್ಬರೂ ಊರು ಬಿಟ್ಟು ತಿರುಗಿದರು, ಸಾಲ ಮಾಡಿದರು. ಆಕೆ ಖರ್ಚಿನಲ್ಲಿ ಕೈ ಬಿಗಿ ಹಿಡಿದವಳಲ್ಲ, ಇದನ್ನು ಮುಚ್ಚಿಡುವುದು ಬೇಡ. 1898ರ ಫೆಬ್ರವರಿಯಲ್ಲಿ ಗಂಡನಿಗೂ ಪ್ರೇಮಿಗೂ ದ್ವಂದ್ವಯುದ್ಧ ನಡೆಯಿತು, ಗಂಡನ ಕೈಗೆ ಗಾಯವಾಯಿತು.

ಅಲ್ಲಿಂದ ಆಟ ಬದಲಾಯಿತು. ಸಾಲದ ಪ್ರಾಮಿಸರಿ ನೋಟುಗಳ ಮೇಲೆ ಲೂಯಿಸಳ ತಂಗಿ, ಯುವರಾಣಿ ಸ್ಟೆಫನಿಯ ಖೋಟಾ ಸಹಿ ಇದೆ ಎಂದು ಮಟಾಚಿಚ್‌ನನ್ನು ಬಂಧಿಸಿದರು. ಸೇನಾ ನ್ಯಾಯಾಲಯ ಆರು ವರ್ಷ ಸೆರೆ ವಿಧಿಸಿತು. ತಾನು ನಿರಪರಾಧಿ ಎಂದು ಅವನು ಕೊನೆಯವರೆಗೂ ಹೇಳಿದ. ಲೂಯಿಸಳ ಮುಂದೆ ಎರಡು ದಾರಿ ಇಟ್ಟರು. ಗಂಡನ ಮನೆಗೆ ಮರಳುವುದು, ಇಲ್ಲವೇ ಹುಚ್ಚಾಸ್ಪತ್ರೆಗೆ ಹೋಗುವುದು. ಆಕೆ ಹುಚ್ಚಾಸ್ಪತ್ರೆ ಆರಿಸಿಕೊಂಡಳು. ಸ್ವಲ್ಪ ನಿಲ್ಲಿ, ಇದನ್ನು ದಾಟಿ ಹೋಗಬೇಡಿ. ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಎರಡನ್ನೂ ತೂಗಿ ನೋಡಿ ಹುಚ್ಚಾಸ್ಪತ್ರೆಯೇ ವಾಸಿ ಎಂದಳು. ವೈದ್ಯರು ಅದನ್ನೇ ಹುಚ್ಚಿನ ಲಕ್ಷಣವೆಂದು ಬರೆದುಕೊಂಡಿದ್ದರೂ ಆಶ್ಚರ್ಯವಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿ, ಕೊನೆಗೆ ಡ್ರೆಸ್ಡೆನ್ ಹತ್ತಿರದ ಕಾಸ್ವಿಗ್‌ನಲ್ಲಿ ಇಟ್ಟರು.

ಆಕೆಯ ವ್ಯವಹಾರವನ್ನೆಲ್ಲ ಪಾಲಕನ ಕೈಗೆ ಒಪ್ಪಿಸಿದ್ದು ಸಾಮಾನ್ಯ ನ್ಯಾಯಾಲಯವಲ್ಲ, ಆಸ್ಥಾನದ ಪ್ರಧಾನ ಮಾರ್ಷಲ್ ಕಚೇರಿ. ಆಸ್ಟ್ರಿಯಾದಲ್ಲಿ ಚಕ್ರವರ್ತಿಯ ಬಳಗದವರ ಮೊಕದ್ದಮೆಗಳು ಅಲ್ಲಿಗೆ ಹೋಗುತ್ತಿದ್ದವು. ಇನ್ನು ಯಾರ ಮೊಕದ್ದಮೆಗಳು ಹೋಗುತ್ತಿದ್ದವು ಗೊತ್ತೇ? ನೆಲದ ಕಾನೂನಿಗೆ ಒಳಪಡದ ವಿದೇಶಿ ರಾಯಭಾರಿಗಳದ್ದು. ರಾಜಕುಮಾರನೂ ರಾಯಭಾರಿಯೂ ಒಂದೇ ಕಿಟಕಿಯ ಮುಂದೆ ನಿಲ್ಲುವವರು. ಇಬ್ಬರ ಹೆಂಡತಿಯರಿಗೂ ಊರಿನ ಕೋರ್ಟಿನ ಬಾಗಿಲು ಮುಚ್ಚಿತ್ತು. ಈ ಕಥೆಯನ್ನು ಇಲ್ಲಿ ತಂದದ್ದು ಅದಕ್ಕೇ.

ಸೆರೆಯಲ್ಲಿ ಮಟಾಚಿಚ್‌ಗೆ ನೆರವಾದವಳು ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಮಾರಿಯಾ ಸ್ಟೋಗರ್. ಪ್ರೀತಿಯೂ ಬೆಳೆಯಿತು, ಮಗುವೂ ಆಯಿತು. ಸಿನಿಮಾದವರಾದರೆ ಇದನ್ನು ಕತ್ತರಿಸಿ ಬಿಸಾಡುತ್ತಾರೆ. ಆಸ್ಟ್ರಿಯಾದ ಸಂಸತ್ತಿನಲ್ಲಿ ಸಮಾಜವಾದಿ ಸದಸ್ಯರು ಅವನ ಮೊಕದ್ದಮೆಯ ಬಗ್ಗೆ ಗದ್ದಲ ಎಬ್ಬಿಸಿದ್ದರಿಂದ 1902ರಲ್ಲಿ ಕ್ಷಮಾದಾನ ಸಿಕ್ಕಿತು. ಹೊರಗೆ ಬಂದವನು ತನ್ನ ಕಥೆ ಬರೆದು ಅಚ್ಚು ಹಾಕಿಸಿದ, ಪತ್ರಿಕೆಗಳನ್ನು ಎಬ್ಬಿಸಿದ. 1904ರ ಆಗಸ್ಟ್ ಕೊನೆಯಲ್ಲಿ ಬಾಡ್ ಎಲ್‌ಸ್ಟರ್ ಎಂಬ ನೀರಿನ ಚಿಕಿತ್ಸೆಯ ಊರಿಗೆ ಲೂಯಿಸಳನ್ನು ಕಾವಲಿನಲ್ಲಿ ಕರೆತಂದಾಗ, ರಾತ್ರಿ ಹೋಟೆಲಿನಿಂದ ಆಕೆ ತಪ್ಪಿಸಿಕೊಂಡಳು. ಗಾಡಿ, ರೈಲು, ಬರ್ಲಿನ್, ಅಲ್ಲಿಂದ ಪ್ಯಾರಿಸ್. ಈ ಓಟದಲ್ಲಿ ಮಾರಿಯಾಳ ಕೈಯೂ ಇತ್ತು. ಪ್ರಿಯಕರ ತನ್ನ ಹಳೆಯ ಪ್ರೇಯಸಿಯನ್ನು ಬಿಡಿಸಲು ಹೊರಟಾಗ ಅವನ ಮಗುವಿನ ತಾಯಿ ಜೊತೆ ನಿಂತಳಲ್ಲ, ಆ ಹೆಂಗಸಿನ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾಯಕಿಯ ಬಗ್ಗೆ ಪುಸ್ತಕಗಳಿವೆ, ಈಕೆಯ ಬಗ್ಗೆ ಅಲ್ಲಲ್ಲಿ ಒಂದೆರಡು ಸಾಲು.

ಸಿನಿಮಾ ಪ್ಯಾರಿಸ್ಸಿನಲ್ಲಿ ಮುಗಿಯುತ್ತದೆ. ಬದುಕು ಮುಗಿಯಲಿಲ್ಲ. ಆಕೆ ನಿಜವಾಗಿ ಬಿಡುಗಡೆಯಾದದ್ದು ಹೋಟೆಲಿನ ಹಿಂಬಾಗಿಲಿನಿಂದಲ್ಲ ಎನ್ನುವುದು ನನ್ನ ಅಭಿಪ್ರಾಯ. 1905ರಲ್ಲಿ ಪ್ಯಾರಿಸ್ಸಿನ ವೈದ್ಯರು ಪರೀಕ್ಷಿಸಿ ಬುದ್ಧಿ ಸ್ವಸ್ಥವಾಗಿದೆ ಎಂದು ಬರೆದುಕೊಟ್ಟರು, 1906ರಲ್ಲಿ ವಿಚ್ಛೇದನ ಆಯಿತು. ಆ ಎರಡು ಕಾಗದ ಬರುವವರೆಗೆ ಆಕೆ ಓಡಿಬಂದ ಹುಚ್ಚಿ. ಕಾಗದ ಬಂದ ಮೇಲೂ ಸಾಲ ಬಿಡಲಿಲ್ಲ. 1909ರಲ್ಲಿ ಅಪ್ಪ ಸತ್ತಾಗ ಹೆಣ್ಣುಮಕ್ಕಳ ಕೈಗೆ ಆಸ್ತಿ ಸಿಗದಂತೆ ಏರ್ಪಾಡು ಮಾಡಿ ಹೋಗಿದ್ದ, ಅದಕ್ಕೂ ಮೊಕದ್ದಮೆ ಹೂಡಬೇಕಾಯಿತು. ಮಟಾಚಿಚ್ 1923ರಲ್ಲಿ ತೀರಿಕೊಂಡ, ಮರುವರ್ಷ ಮಾರ್ಚಿನಲ್ಲಿ ವೀಸ್‌ಬಾಡೆನ್‌ನಲ್ಲಿ ಆಕೆ. ಕೊನೆಯ ವರ್ಷಗಳನ್ನು ಕೈಯಲ್ಲಿ ಕಾಸಿಲ್ಲದೆ ಕಳೆದರು.

ಇದೆಲ್ಲ ಚಕ್ರವರ್ತಿಗಳ ಕಾಲದ್ದು ಎನ್ನಬೇಡಿ. 2011ರ ಆರಂಭದಲ್ಲಿ ಲಂಡನ್ನಿನ ನಮ್ಮ ಹೈಕಮಿಷನ್ನಿನ ಹಿರಿಯ ಅಧಿಕಾರಿಯೊಬ್ಬರ ಮೇಲೆ ಹೆಂಡತಿಯನ್ನು ಹೊಡೆದ ಆರೋಪ ಬಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬ್ರಿಟನ್ ವಿನಾಯಿತಿ ಹಿಂತೆಗೆದುಕೊಳ್ಳುವಂತೆ ಕೋರಿತು. ದೆಹಲಿ ಅವರನ್ನು ವಾಪಸು ಕರೆಸಿಕೊಂಡಿತು. ಗಮನಿಸಬೇಕಾದದ್ದು, ವಿನಾಯಿತಿ ಅಧಿಕಾರಿಯ ಸ್ವತ್ತಲ್ಲ, ಅವನನ್ನು ಕಳಿಸಿದ ದೇಶದ್ದು. 32ನೇ ವಿಧಿಯಂತೆ ಅದನ್ನು ತೆಗೆಯಬೇಕಾದದ್ದೂ ಆ ದೇಶವೇ. ಅಂದರೆ ಹೆಂಡತಿಯ ಎದುರು ನಿಂತಿರುವುದು ಗಂಡನೊಬ್ಬನೇ ಅಲ್ಲ, ಒಂದು ಸರ್ಕಾರ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನೆರೆಯವರು ಕದ ಮುಚ್ಚಿಕೊಳ್ಳುವುದನ್ನು ನೋಡಿದ್ದೇವೆ. ಇಲ್ಲಿ ದೇಶದೇಶಗಳೇ ಆ ಗಾದೆ ಹೇಳಿಕೊಂಡು ಕದ ಹಾಕಿಕೊಳ್ಳುತ್ತವೆ.

ಕೆಲವೊಮ್ಮೆ ವಿನಾಯಿತಿಯನ್ನು ಅಂಗಡಿಯಿಂದ ತಂದಂತೆ ತರುವವರೂ ಇದ್ದಾರೆ. ಸೌದಿಯ ಕೋಟ್ಯಧಿಪತಿ ವಾಲಿದ್ ಜುಫಾಲಿ ತನ್ನ ಹೆಂಡತಿ ಕ್ರಿಸ್ಟಿನಾ ಎಸ್ಟ್ರಾಡಾಗೆ 2014ರಲ್ಲಿ ತಲಾಖ್ ಕೊಟ್ಟ. ಅದೇ ವರ್ಷ ಕೆರಿಬಿಯನ್ನಿನ ಪುಟ್ಟ ದ್ವೀಪ ಸೇಂಟ್ ಲೂಸಿಯಾ ಅವನನ್ನು ಲಂಡನ್ನಿನ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ತನ್ನ ಕಾಯಂ ಪ್ರತಿನಿಧಿಯಾಗಿ ನೇಮಿಸಿತು. ಹೆಂಡತಿ ಪಾಲು ಕೇಳಿ ಇಂಗ್ಲೆಂಡಿನ ಕೋರ್ಟಿಗೆ ಹೋದಾಗ, ನಾನು ರಾಜತಾಂತ್ರಿಕ, ನನ್ನ ಮೇಲೆ ಮೊಕದ್ದಮೆ ನಡೆಯದು ಎಂದ. ಬ್ರಿಟನ್ ಕೇಳಿದರೂ ಸೇಂಟ್ ಲೂಸಿಯಾ ವಿನಾಯಿತಿ ಬಿಟ್ಟುಕೊಡಲಿಲ್ಲ. ಹೈಕೋರ್ಟ್ ನ್ಯಾಯಾಧೀಶರು ಈ ನೇಮಕವೇ ಕೃತಕ, ಅವನು ಆ ಹುದ್ದೆಯ ಕೆಲಸ ಏನೂ ಮಾಡಿಲ್ಲ ಎಂದರು. ಮೇಲ್ಮನವಿ ನ್ಯಾಯಾಲಯ 2016ರ ಮಾರ್ಚಿನಲ್ಲಿ ಆ ತರ್ಕವನ್ನು ಒಪ್ಪಲಿಲ್ಲ, ನೇಮಕ ನೇಮಕವೇ ಎಂದಿತು. ಆದರೆ ಇವನು ಬ್ರಿಟನ್ನಿನಲ್ಲೇ ಕಾಯಂ ವಾಸಿ, ಕಾಯಂ ವಾಸಿಗೆ ಹುದ್ದೆಯ ಕೆಲಸದ ಮಟ್ಟಿಗಷ್ಟೇ ವಿನಾಯಿತಿ ಎಂದು ಹೇಳಿ ಮೊಕದ್ದಮೆ ನಡೆಯಲು ಬಿಟ್ಟಿತು. ಜುಲೈಯಲ್ಲಿ ಆಕೆಗೆ ಸುಮಾರು 5.3 ಕೋಟಿ ಪೌಂಡ್ ನಗದು ಕೊಡಬೇಕೆಂದು ತೀರ್ಪಾಯಿತು. ಆ ತಿಂಗಳೇ ಅವನು ಕಾಯಿಲೆಯಿಂದ ತೀರಿಹೋದ. ಕೋಟಿ ಪೌಂಡುಗಳ ಜಗಳಕ್ಕೆ ಮರುಗಬೇಕಿಲ್ಲ, ನನಗೂ ಕಣ್ಣೀರು ಬರಲಿಲ್ಲ. ಆದರೆ ಬಿರುಕು ಬಿದ್ದದ್ದು ಎಲ್ಲಿ ಎಂದು ನೋಡಿಕೊಳ್ಳುವುದು ವಕೀಲರ ಕೆಲಸ. ಮುಂದೆ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಬಿರುಕು ಬಿಡಿಸಿತು. ಸೌದಿ ರಾಜತಾಂತ್ರಿಕನ ಮನೆಯಲ್ಲಿ ತನ್ನನ್ನು ಸಂಬಳವಿಲ್ಲದೆ ಜೀತದಂತೆ ದುಡಿಸಿದರು ಎಂದ ಫಿಲಿಪೀನ್ಸಿನ ಮನೆಗೆಲಸದವಳ ಪ್ರಕರಣ ಅದು. ಹೀಗೆ ದುಡಿಸಿಕೊಂಡು ಲಾಭ ಪಡೆಯುವುದು ವ್ಯಾಪಾರಕ್ಕೆ ಸಮ, ಅದಕ್ಕೆ ವಿನಾಯಿತಿ ಇಲ್ಲ ಎಂದು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದರು. ಮನೆಗೆಲಸದವಳಿಗೆ ತೆರೆದ ಆ ಬಾಗಿಲು ಹೆಂಡತಿಗೆ ಇನ್ನೂ ತೆರೆದಿಲ್ಲ. ಅವಳ ದುಡಿಮೆಯನ್ನು ಯಾವ ಕೋರ್ಟೂ ವ್ಯಾಪಾರ ಎಂದಿಲ್ಲ.

ಹೆಂಡತಿಯ ದುಡಿಮೆ ಎಂದೆ. 1972ರವರೆಗೆ ಅಮೆರಿಕದ ವಿದೇಶಾಂಗ ಸೇವೆಯಲ್ಲಿ ಗಂಡನ ವಾರ್ಷಿಕ ವರದಿಯಲ್ಲಿ ಹೆಂಡತಿಯ ನಡವಳಿಕೆಗೂ ಅಂಕ ಇರುತ್ತಿತ್ತು. ಔತಣ ಚೆನ್ನಾಗಿ ಮಾಡಿದಳೇ, ಹಿರಿಯ ಅಧಿಕಾರಿಯ ಹೆಂಡತಿ ಕರೆದಾಗ ಹೋದಳೇ ಎಂಬುದೆಲ್ಲ ಗಂಡನ ಬಡ್ತಿಗೆ ಸೇರುತ್ತಿತ್ತು. ಸಂಬಳ ಮಾತ್ರ ಇಲ್ಲ. ಹೆಂಡತಿ ಸರ್ಕಾರದ ನೌಕರಳಲ್ಲ ಎಂದು ಆ ವರ್ಷ ಸುತ್ತೋಲೆ ಹೊರಡಿಸಿದರು. ಆದರೆ ಮೂವತ್ತು ವರ್ಷ ದೇಶದೇಶ ಸುತ್ತಿ, ತನ್ನದೊಂದು ಉದ್ಯೋಗವಿಲ್ಲದೆ, ಕೊನೆಗೆ ವಿಚ್ಛೇದನವಾದವಳ ಗತಿಯೇನು? ಆ ಹೆಂಗಸರೇ ಸಂಘ ಕಟ್ಟಿಕೊಂಡು ಓಡಾಡಿದರು. 1980ರ ಕಾಯ್ದೆಯಲ್ಲಿ, ಸೇವೆಯ ಅವಧಿಯಲ್ಲಿ ಹತ್ತು ವರ್ಷ ಸಂಸಾರ ಮಾಡಿದ ಮಾಜಿ ಹೆಂಡತಿಗೆ ಗಂಡನ ಪಿಂಚಣಿಯಲ್ಲಿ ಪಾಲು ಸಿಕ್ಕಿತು. ಇದರ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ. ಪಿಂಚಣಿ ಕುದುರೆಯೇರಿ ಬರುವುದಿಲ್ಲವಲ್ಲ.

ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ಹೆಸರು ಹೇಳದೆ ಈ ವಿಷಯ ಮುಗಿಸಲಾರೆ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗಲೇ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಬರೆಸಿಕೊಂಡರು. ನಿಯಮಗಳಲ್ಲಿಯೇ ಇತ್ತು: ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕು, ಮದುವೆಯಾದ ಹೆಣ್ಣಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ. ಬ್ರಿಟನ್ನಿನಲ್ಲೂ 1973ರವರೆಗೆ ಹೆಚ್ಚುಕಡಿಮೆ ಇದೇ ಕಥೆ. ರಾಯಭಾರಿಯ ಹೆಂಡತಿಯಾಗಬಹುದು, ರಾಯಭಾರಿಯಾಗಬಹುದು, ರಾಯಭಾರಿಯೂ ಹೆಂಡತಿಯೂ ಆಗುವಂತಿಲ್ಲ. ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆಮೇಲೆ ಬಡ್ತಿಯಲ್ಲಿ ಹಿಂದೆ ಬಿಟ್ಟಾಗ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಗಡಿಬಿಡಿಯಲ್ಲಿ ಬಡ್ತಿ ಕೊಟ್ಟು ಹೇಗ್‌ಗೆ ಕಳಿಸಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಹೆಣ್ಣು ಮದುವೆಯಾದರೆ ಸರ್ಕಾರಕ್ಕೆ ಅಪಾಯವಿದೆ ಎಂದಾದರೆ ಗಂಡು ಮದುವೆಯಾದರೂ ಅಷ್ಟೇ ಅಪಾಯವಿದೆ ಎಂಬುದು ಅದರ ಸಾರ. ಈ ಷರತ್ತುಗಳಿದ್ದ ಎರಡು ನಿಯಮಗಳಲ್ಲಿ ಒಂದನ್ನು ಆಗಲೇ ತೆಗೆದಿದ್ದೇವೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಎಂದು ಸರ್ಕಾರ ಒಪ್ಪಿಕೊಂಡಿತು. ಅರ್ಜಿ ತಾಂತ್ರಿಕವಾಗಿ ವಜಾ ಆಯಿತು. ಗೆದ್ದವರು ಯಾರು ಎನ್ನುವುದರಲ್ಲಿ ಕೊಡಗಿನವರಿಗೆ ಸಂಶಯವಿರಲಿಲ್ಲ.

ಕೊನೆಗೆ ಒಂದು ಸಣ್ಣ ಪ್ರಸಂಗ. ಹಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಕಚೇರಿಗೆ ಬಂದರು. ಅಳಿಯ ಯಾವುದೋ ದೇಶದಲ್ಲಿ ರಾಯಭಾರ ಕಚೇರಿಯ ಕೆಲಸದಲ್ಲಿದ್ದಾನೆ. ಯಾವ ದೇಶ, ಏನು ಹುದ್ದೆ ಎನ್ನುವುದು ಇಲ್ಲಿ ಬೇಡ. ಮಗಳ ಪಾಸ್‌ಪೋರ್ಟು ಅವನ ಬೀರುವಿನಲ್ಲಿದೆ, ಮೈಮೇಲೆ ಬಾಸುಂಡೆ ಇದೆ. "ಅಮ್ಮಾ, ಅಲ್ಲಿನ ಪೊಲೀಸಿನವರು ಮನೆಯೊಳಗೆ ಹೋಗುವುದಿಲ್ಲವಂತೆ, ನಿಜವೇ?" ಎಂದು ಕೇಳಿದರು. ನಿಜ ಎಂದೆ. ಆಮೇಲೆ ನನಗೇ ಹೊಳೆದದ್ದನ್ನು ಹೇಳಿದೆ. ಅವರು ಒಳಗೆ ಹೋಗಲು ಅನುಮತಿ ಬೇಕು. ನಿಮ್ಮ ಮಗಳು ಹೊರಗೆ ಬರಲು ಯಾವ ಒಪ್ಪಂದದಲ್ಲೂ ಯಾರ ಅನುಮತಿಯೂ ಬೇಕಿಲ್ಲ. ಬೀದಿಗೆ ಬಂದ ಮೇಲೆ ಅಲ್ಲಿನ ಆಸ್ಪತ್ರೆ ಗಾಯ ಬರೆದುಕೊಳ್ಳುತ್ತದೆ, ಪಾಸ್‌ಪೋರ್ಟ್ ಸಿಗದಿದ್ದರೆ ಊರಿಗೆ ಮರಳಲು ತುರ್ತು ಪ್ರಯಾಣಪತ್ರ ಕೇಳಬಹುದು. ಗಂಡ ಅಲ್ಲಿನ ಕೋರ್ಟಿನಿಂದ ತಪ್ಪಿಸಿಕೊಂಡರೂ ತನ್ನ ದೇಶದ ಕೋರ್ಟಿನಿಂದ ತಪ್ಪಿಸಿಕೊಳ್ಳಲಾರ, ಅದೂ ಆ 31ನೇ ವಿಧಿಯಲ್ಲೇ ಇದೆ. ಕೌಟುಂಬಿಕ ಹಿಂಸೆಯ 2005ರ ಕಾಯ್ದೆಯಲ್ಲಿ ಅವಳು ಬಂದು ಇಳಿದ ಊರಿನಲ್ಲೇ ಅರ್ಜಿ ಹಾಕಬಹುದು.

ಮೂರು ವಾರದ ನಂತರ ತಾಯಿ ಮಗಳು ಇಬ್ಬರೂ ಬಂದು ಕುಳಿತರು. ಗಂಡ ಕಚೇರಿಗೆ ಹೋದ ಮೇಲೆ, ಮಗುವನ್ನು ಶಾಲೆಗೆ ಬಿಡುವ ಹೊತ್ತಿನಲ್ಲಿ ಹೊರಟಳಂತೆ. ಮಗುವಿನ ಶಾಲೆಯ ಟೀಚರ್ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ, ಟಿಕೆಟಿನ ಹಣವನ್ನು ಅಣ್ಣ ಕಳಿಸಿದನಂತೆ. ವಕಾಲತ್ತಿಗೆ ಸಹಿ ಹಾಕಿಸಿಕೊಂಡೆ, ಕಾಫಿ ತರಿಸಿದೆ. ಹಳೆಯ ಪ್ರೇಮಿ ಯಾರಾದರೂ ಇದ್ದನೇ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ತಾಯಿ ಕುಳಿತಿದ್ದರು, ಕೇಳಲಿಲ್ಲ.